ಬ್ಲೂಬೆರಿ ಎಲೆ ಹಳದಿ, ನರ ಮಾತ್ರ ಹಸಿರು: ಗೊಬ್ಬರ ಹಾಕಬೇಕೇ, ಮಣ್ಣು ಬದಲಿಸಬೇಕೇ?

ಹಿತ್ತಲ ಬಳ್ಳಿ, ಎಡಿಸನ್, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಕಳೆದ ವಸಂತದಲ್ಲಿ ಮನೆಯ ಪೂರ್ವದ ಗೋಡೆಯ ಪಕ್ಕದಲ್ಲೇ ಎರಡು ಬ್ಲೂಬೆರಿ ಗಿಡ ನೆಟ್ಟಿದ್ದೇವೆ. ಒಂದು ಡ್ಯೂಕ್, ಇನ್ನೊಂದು ಬ್ಲೂಕ್ರಾಪ್. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಳ್ಳೆಯ ಬಿಸಿಲು ಬೀಳುತ್ತದೆ, ನೀರಿಗೂ ಕೊರತೆಯಿಲ್ಲ. ಮೊದಲ ವರ್ಷ ಗಿಡಗಳು ಚೆನ್ನಾಗಿಯೇ ಇದ್ದವು. ಈ ಬಾರಿ ಮೇ ತಿಂಗಳ ಚಿಗುರೇ ಬಿಳಿಚಿಕೊಂಡು ಬಂತು. ಈಗ ತುದಿಯ ಎಲೆಗಳೆಲ್ಲ ತಿಳಿ ಹಳದಿ. ನರಗಳು ಮಾತ್ರ ಗೀಟು ಎಳೆದಂತೆ ಹಸಿರು. ಕೆಳಗಿನ ಹಳೆಯ ಎಲೆಗಳಿಗೆ ಏನೂ ಆಗಿಲ್ಲ. ಹೊಸ ರೆಂಬೆ ಗೇಣುದ್ದವೂ ಬೆಳೆದಿಲ್ಲ.

ಅಂಗಡಿಯಲ್ಲಿ ಸಿಗುವ ಸಗಣಿ ಗೊಬ್ಬರದ ಚೀಲ ತಂದು ಹಾಕಿ ಎನ್ನುತ್ತಾರೆ ಪಕ್ಕದ ಮನೆಯವರು. ಊರಿನಿಂದ ಬಂದಿರುವ ಅಮ್ಮ, ಕರಿಬೇವಿಗೆ ಹಾಕುವ ಹಾಗೆ ಹುಳಿ ಮಜ್ಜಿಗೆ ಹಾಕಿ ನೋಡು ಎನ್ನುತ್ತಾರೆ. ಬೆಳೆಸಿದ ಅನುಭವವಿರುವವರು ದಯವಿಟ್ಟು ದಾರಿ ತೋರಿಸಿ.

ಪೈನ್ ನೆರಳು, ದಕ್ಷಿಣ ನ್ಯೂಜೆರ್ಸಿ

ನೀವು ಎಲೆಯನ್ನು ಇಷ್ಟು ಸರಿಯಾಗಿ ಗಮನಿಸಿ ಬರೆದಿರುವುದರಿಂದ ಅರ್ಧ ಕೆಲಸ ಮುಗಿದಂತಾಯಿತು. ಹಳೆಯ ಎಲೆ ಮೊದಲು ಹಳದಿಯಾಗಿ, ನರವೂ ಸೇರಿ ಇಡೀ ಎಲೆ ಬಿಳಿಚಿದ್ದರೆ ಸಾರಜನಕದ ಕೊರತೆ. ಹಳೆಯ ಎಲೆಯ ಅಂಚು ಹಳದಿಯಾಗಿ ನಡುವೆ ಹಸಿರು ಉಳಿದಿದ್ದರೆ ಮೆಗ್ನೀಸಿಯಂ ಕೊರತೆ. ಚಿಗುರೆಲೆಯೇ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ನಿಮ್ಮದು ಮೂರನೆಯದು.

ಹಾಗೆಂದು ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂದು ತಿಳಿಯಬೇಡಿ. ಮಣ್ಣಿನಲ್ಲಿ ಬೇಕಾದಷ್ಟು ಇರುತ್ತದೆ, ಆದರೆ ಹುಳಿ ಸಾಲದ ಮಣ್ಣಿನಲ್ಲಿ ಅದು ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ. ಮಣ್ಣಿನ ಹುಳಿಯ ಅಳತೆಯೇ ಪಿಎಚ್, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಬ್ಲೂಬೆರಿಗೆ ಅದು 4.5ರಿಂದ 5.5ರ ಒಳಗಿರಬೇಕು. ಟೊಮೆಟೊ, ಬೀನ್ಸ್ ಸುಖವಾಗಿ ಬೆಳೆಯುವ 6.5ರ ಮಣ್ಣು ಈ ಗಿಡಕ್ಕೆ ಆಗಿಬರುವುದಿಲ್ಲ. ಪಿಎಚ್‌ನ ಒಂದೊಂದು ಅಂಕಿ ಎಂದರೆ ಹತ್ತು ಪಟ್ಟು ವ್ಯತ್ಯಾಸ, 6.5ಕ್ಕೂ 4.5ಕ್ಕೂ ನಡುವೆ ನೂರು ಪಟ್ಟು. ಎರಡು ಅಂಕಿ ತಾನೇ ಎಂದು ಅಂದಾಜಿನ ಮೇಲೆ ಸರಿಪಡಿಸಲು ಹೊರಡುವವರಿಗೆ ಇದನ್ನು ನಾನು ಪ್ರತಿ ಬಾರಿಯೂ ಹೇಳುತ್ತೇನೆ.

ಇನ್ನು ನಿಮ್ಮ ಗೋಡೆಯ ವಿಷಯ. ಮನೆಯ ತಳಪಾಯದ ಕಾಂಕ್ರೀಟಿನಲ್ಲಿ ಸುಣ್ಣದ ಅಂಶವಿದೆ. ಮಳೆ ನೀರು ಗೋಡೆಯ ಮೇಲೆ ಇಳಿದು ವರ್ಷ ವರ್ಷವೂ ಅದನ್ನು ಪಕ್ಕದ ಮಣ್ಣಿಗೆ ಸೇರಿಸುತ್ತಿರುತ್ತದೆ. ಕಟ್ಟುವಾಗ ಉಳಿದ ಗಾರೆಯ ಚೂರುಗಳೂ ಅಲ್ಲೇ ಹೂತಿರುತ್ತವೆ. ಈಗಲೇ ಏನನ್ನೂ ಹಾಕಬೇಡಿ. ಗಿಡದ ಬುಡದಿಂದ ಒಂದಷ್ಟು, ಹಿತ್ತಲಿನ ಬಯಲು ಜಾಗದಿಂದ ಒಂದಷ್ಟು ಮಣ್ಣು ತೆಗೆದು ಬೇರೆ ಬೇರೆ ಚೀಲದಲ್ಲಿ ಹಾಕಿ ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷೆಗೆ ಕಳುಹಿಸಿ. ಫಲಿತಾಂಶ ಬಂದ ಮೇಲೆ ಮಾತಾಡೋಣ.

ಬೆಳ್ಳಿ ಲೋಟ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ನಾವು ದಿನವೂ ಫಿಲ್ಟರ್ ಕಾಫಿಯ ಚರಟವನ್ನು ಬ್ಲೂಬೆರಿ ಬುಡಕ್ಕೆ ಹಾಕುತ್ತೇವೆ. ಕಾಫಿ ಹುಳಿ ಅಲ್ಲವೇ, ಅದೇ ಸಾಕಾಗುವುದಿಲ್ಲವೇ?

ಪೈನ್ ನೆರಳು, ದಕ್ಷಿಣ ನ್ಯೂಜೆರ್ಸಿ

ಕಾಫಿಯ ಹುಳಿಯ ಬಹುಪಾಲು ಡಿಕಾಕ್ಷನ್ ಜೊತೆಗೇ ಇಳಿದುಹೋಗಿರುತ್ತದೆ. ಉಳಿದ ಚರಟ ಹೆಚ್ಚು ಕಡಿಮೆ ತಟಸ್ಥ. ಗೊಬ್ಬರದ ಗುಂಡಿಗೆ ಹಾಕಿ, ಒಳ್ಳೆಯದು. ಬುಡಕ್ಕೆ ದಪ್ಪಗೆ ಹರಡಿದರೆ ಒಣಗಿ ಗಟ್ಟಿಯಾಗಿ ನೀರು ಇಳಿಯುವುದಕ್ಕೇ ತಡೆಯಾಗುತ್ತದೆ.

ಅಮ್ಮ ಹೇಳಿದ ಮಜ್ಜಿಗೆಯ ಮಾತಿನಲ್ಲಿ ತಿಳಿವಳಿಕೆ ಇದೆ: ಹಳದಿ ಎಲೆಗೆ ಹುಳಿ ಮದ್ದು ಎಂದು ಅವರು ಕಂಡುಕೊಂಡಿದ್ದಾರೆ. ಆದರೆ ಮಜ್ಜಿಗೆಯ ಹುಳಿಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತವೆ, ಹಾಲಿನ ಕ್ಯಾಲ್ಸಿಯಂ ಮಾತ್ರ ಅಲ್ಲೇ ಉಳಿಯುತ್ತದೆ. ಬ್ಲೂಬೆರಿಗೆ ಬೇಡವಾದದ್ದೇ ಅದು. ಸಗಣಿ ಗೊಬ್ಬರವೂ ಬೇಡ. ಈ ಗಿಡದ ಬೇರಿನಲ್ಲಿ ಬೇರುರೋಮವೇ ಇಲ್ಲ; ಕೂದಲೆಳೆಯಷ್ಟು ತೆಳುವಾದ ಬೇರುಗಳು ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿಕೊಂಡು, ಒಂದು ಬಗೆಯ ಶಿಲೀಂಧ್ರದ ಸಹಾಯದಿಂದ ಆಹಾರ ಹೀರುತ್ತವೆ. ಗೊಬ್ಬರದ ಉಪ್ಪಿನ ಅಂಶ ಅವನ್ನು ಸುಡುತ್ತದೆ. ಒಲೆಯ ಬೂದಿಯನ್ನಂತೂ ಹತ್ತಿರಕ್ಕೂ ತರಬೇಡಿ, ಅದು ನೇರ ಸುಣ್ಣ ಸುರಿದಷ್ಟೇ ಕೆಟ್ಟದ್ದು.

ಹಿತ್ತಲ ಬಳ್ಳಿ, ಎಡಿಸನ್, ನ್ಯೂಜೆರ್ಸಿ

ಫಲಿತಾಂಶ ಬಂತು. ಗೋಡೆಯ ಪಕ್ಕದ ಮಣ್ಣು 6.9. ಹಿತ್ತಲಿನ ಬಯಲಿನದು 5.9, ಮರಳು ಮಿಶ್ರಿತ ಎಂದು ಬರೆದಿದ್ದಾರೆ. ಈಗ ಗಂಧಕದ ಪುಡಿ ಹಾಕಲೇ? ಎಷ್ಟು ದಿನಕ್ಕೆ ಎಲೆ ಹಸಿರಾಗುತ್ತದೆ?

ಪೈನ್ ನೆರಳು, ದಕ್ಷಿಣ ನ್ಯೂಜೆರ್ಸಿ

ಗೋಡೆಯ ಪಕ್ಕದಲ್ಲಿ ಗಂಧಕ ಹಾಕುತ್ತಾ ಹೋದರೂ ಸುಣ್ಣ ಇಳಿಯುವುದು ನಿಲ್ಲುವುದಿಲ್ಲ. ಅದು ಮುಗಿಯದ ಕೆಲಸ. ನನ್ನ ಸಲಹೆ: ಗಿಡಗಳನ್ನು ಬಯಲಿಗೆ ಸ್ಥಳಾಂತರಿಸಿ. ಬ್ಲೂಬೆರಿಯ ಬೇರು ಆಳಕ್ಕೆ ಹೋಗುವುದಿಲ್ಲವಾದ್ದರಿಂದ ಮಣ್ಣಿನ ಹೆಂಟೆಯ ಸಮೇತ ಎತ್ತಿ ನೆಡುವುದು ಸುಲಭ. ಬೇಸಿಗೆಯಲ್ಲಿ ಮಾತ್ರ ಬೇಡ. ಎಲೆ ಉದುರಿದ ಮೇಲೆ, ಇಲ್ಲವೇ ಮುಂದಿನ ಮಾರ್ಚ್ ತಿಂಗಳಲ್ಲಿ ಮೊಗ್ಗು ಒಡೆಯುವ ಮೊದಲು ಮಾಡಿ.

ಹೊಸ ಜಾಗವನ್ನು ಈಗಲೇ ಸಿದ್ಧಮಾಡಿಕೊಳ್ಳಬಹುದು, ಗಂಧಕದ ಪಾತ್ರ ಅಲ್ಲಿದೆ. ಗಂಧಕ ತಾನಾಗಿ ಹುಳಿಯಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನಿಧಾನವಾಗಿ ಗಂಧಕಾಮ್ಲವಾಗಿ ಮಾರ್ಪಡಿಸಬೇಕು. ಅವಕ್ಕೆ ಬೆಚ್ಚನೆಯ, ತೇವದ ಮಣ್ಣು ಬೇಕು; ಚಳಿಗಾಲದಲ್ಲಿ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆದ್ದರಿಂದ ಈ ಬೇಸಿಗೆಯಲ್ಲಿ ಬೆರೆಸಿದ್ದು ಮುಂದಿನ ವಸಂತಕ್ಕೆ ಫಲ ಕೊಡುತ್ತದೆ. ಪ್ರಮಾಣವನ್ನು ನಿಮ್ಮ ಪರೀಕ್ಷಾ ವರದಿಯೇ ಹೇಳುತ್ತದೆ. ಮರಳು ಮಣ್ಣಿಗೆ ಸಾಕಾಗುವುದರ ಸುಮಾರು ಮೂರು ಪಟ್ಟು ಗೋಡು ಮಣ್ಣಿಗೆ ಬೇಕಾಗುತ್ತದೆ, ಹಾಗಾಗಿ ಬೇರೆಯವರ ಅಳತೆಯನ್ನು ನಕಲು ಮಾಡಬೇಡಿ. ಅಲ್ಯೂಮಿನಿಯಂ ಸಲ್ಫೇಟ್ ಬೇಗ ಕೆಲಸ ಮಾಡುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅಲ್ಯೂಮಿನಿಯಂ ಹೆಚ್ಚಾದರೆ ಬೇರಿಗೆ ವಿಷ. ಗಂಧಕವೇ ಸಾಕು.

ನೆಡುವಾಗ ಗುಂಡಿಯನ್ನು ಆಳಕ್ಕಿಂತ ಅಗಲಕ್ಕೆ ತೆಗೆಯಿರಿ. ಪೀಟ್ ಮಾಸ್ (ಜೌಗು ನೆಲದ ಪಾಚಿ ಕೊಳೆತು ಆದ ಹುಳಿ ಪುಡಿ) ಬೆರೆಸುವುದಾದರೆ ಮೊದಲು ಬಕೆಟ್ಟಿನಲ್ಲಿ ನೀರು ಹಾಕಿ ಕೈಯಿಂದ ಚೆನ್ನಾಗಿ ಕಲಸಿ. ಒಣ ಪೀಟ್ ನೀರನ್ನು ತಳ್ಳಿಬಿಡುತ್ತದೆ. ಮೇಲೆ ಹಸಿಯಾಗಿ ಕಂಡರೂ ಒಳಗೆ ಬೇರು ಒಣಗುತ್ತಿರುತ್ತದೆ. ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಬಿಡಿ. ಮೇಲೆ ಮೂರು ನಾಲ್ಕು ಅಂಗುಲ ಪೈನ್ ತೊಗಟೆಯ ಹೊದಿಕೆ ಇರಲಿ, ಕಾಂಡಕ್ಕೆ ತಾಗದಂತೆ.

ಈ ಬೇಸಿಗೆಯನ್ನು ದಾಟಿಸಲು ಕೀಲೇಟ್ ರೂಪದ, ಅಂದರೆ ಗಿಡ ಸುಲಭವಾಗಿ ಹೀರಬಲ್ಲ ಕಬ್ಬಿಣವನ್ನು ಎಲೆಗೆ ಸಿಂಪಡಿಸಬಹುದು. ಅದು ತಾತ್ಕಾಲಿಕ ಉಪಶಮನ, ಅಷ್ಟೇ.

ನಾವಿರುವ ಈ ರಾಜ್ಯದಲ್ಲೇ ಈ ಪಾಠ ಮೊದಲು ಕಲಿತದ್ದು ಎಂಬುದನ್ನು ಹೇಳದೆ ಇರಲಾರೆ. ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್, ಬ್ಲೂಬೆರಿಗೆ ಹುಳಿ ಮಣ್ಣೇ ಬೇಕು ಎಂದು ಪ್ರಯೋಗದಿಂದ ತೋರಿಸಿ 1910ರಲ್ಲಿ ಪ್ರಕಟಿಸಿದರು. ಅದುವರೆಗೆ ಒಳ್ಳೆಯ ತೋಟದ ಮಣ್ಣಿಗೆ, ಗೊಬ್ಬರ ಹಾಕಿ ನೆಟ್ಟ ಕಾಡು ಗಿಡಗಳೆಲ್ಲ ಸೊರಗುತ್ತಿದ್ದವು. ಆ ವರದಿಯನ್ನು ಓದಿದವರು ವೈಟ್ಸ್‌ಬಾಗ್ ಎಂಬಲ್ಲಿ ಕ್ರ್ಯಾನ್‌ಬೆರಿ ಬೆಳೆಯುತ್ತಿದ್ದ ಮನೆತನದ ಎಲಿಜಬೆತ್ ವೈಟ್. ಪೈನ್ ಕಾಡಿನಲ್ಲಿ ಓಡಾಡಿ ಬಲ್ಲ ಸ್ಥಳೀಯರ ಕೈಗೆ ತೂತು ಕೊರೆದ ಅಳತೆಪಟ್ಟಿ ಕೊಟ್ಟು, ಆ ತೂತಿನಲ್ಲಿ ತೂರದಷ್ಟು ದಪ್ಪ ಹಣ್ಣಿನ ಗಿಡ ತೋರಿಸಿದವರಿಗೆ ಹಣ ಕೊಟ್ಟರು. ರೂಬ್ ಲೀಕ್ ಎಂಬವರು ಹುಡುಕಿದ ಗಿಡ ಇಂದಿಗೂ ರೂಬೆಲ್ ಎಂಬ ಹೆಸರಿನಿಂದ ಬೆಳೆಯುತ್ತಿದೆ. 1916ರಲ್ಲಿ ವೈಟ್ಸ್‌ಬಾಗ್‌ನಿಂದ ಮೊದಲ ಬೆಳೆ ಮಾರುಕಟ್ಟೆಗೆ ಹೋಯಿತು. ಮರಳು ಮರಳಾದ, ಬೇರೆ ಯಾವ ಬೆಳೆಗೂ ಒಗ್ಗದ ಬರಡು ಎಂದು ಜನ ಕೈಬಿಟ್ಟಿದ್ದ ನೆಲವದು. ನಿಮ್ಮ ಬಯಲಿನ ಮರಳು ಮಣ್ಣು ಆ ಜಾತಿಯದೇ. ನನಗೆ ಅದರ ಮೇಲೆ ಪೂರ್ಣ ಭರವಸೆ ಇದೆ.

ಕರಿಮಣ್ಣು, ಡಾಲಸ್, ಟೆಕ್ಸಾಸ್

ನಮ್ಮ ಕಡೆ ಕರಿಯ ಜೇಡಿಮಣ್ಣು, ಸುಣ್ಣದ ಅಂಶ ವಿಪರೀತ, ನಲ್ಲಿ ನೀರೂ ಗಡಸು. ಇಂಥಲ್ಲಿ ಗಂಧಕ ಸುರಿಯುವುದು ದುಡ್ಡು ಸುರಿದಂತೆ. ಕುಂಡವೊಂದೇ ದಾರಿ. ಐವತ್ತು ಅರವತ್ತು ಲೀಟರಿನ ಕುಂಡ, ಅದರಲ್ಲಿ ಸಣ್ಣ ಪೈನ್ ತೊಗಟೆ ಮತ್ತು ಪೀಟ್ ಮಾಸ್ ಸಮಸಮ, ನೀರು ಬಸಿಯಲು ಒಂದಷ್ಟು ಪರ್ಲೈಟ್ ಎಂಬ ಹಗುರ ಬಿಳಿ ಹರಳು. ತೋಟದ ಮಣ್ಣು ಒಂದು ಹಿಡಿಯೂ ಬೇಡ.

ಕುಂಡದವರು ಮರೆಯುವುದು ನೀರನ್ನು. ಗಡಸು ನೀರಿನ ಬೈಕಾರ್ಬೊನೇಟ್ ಸ್ವಲ್ಪ ಸ್ವಲ್ಪವೇ ಸೇರಿ ಒಂದೆರಡು ವರ್ಷದಲ್ಲಿ ಕುಂಡದ ಹುಳಿಯನ್ನೆಲ್ಲ ಕೊಂದುಬಿಡುತ್ತದೆ. ಮೊದಲ ವರ್ಷ ಹಸಿರಾಗಿದ್ದ ಗಿಡ ಮೂರನೆಯ ವರ್ಷ ಹಳದಿಯಾದರೆ ಕಾರಣ ಬಹುಮಟ್ಟಿಗೆ ಇದೇ. ಮಳೆ ನೀರು ಹಿಡಿದು ಹಾಕುವುದು ಎಲ್ಲಕ್ಕಿಂತ ಉತ್ತಮ. ಇಲ್ಲದಿದ್ದರೆ ನೀರಿಗೆ ಚಿಟಿಕೆ ಚಿಟಿಕೆಯಾಗಿ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿ, ಪರೀಕ್ಷಾ ಪಟ್ಟಿ ಅದ್ದಿ 5ರ ಆಸುಪಾಸು ಬರುವವರೆಗೆ ನೋಡಿ, ಹಾಕಿ. ನಮ್ಮ ಜುಲೈ ಬಿಸಿಲಿಗೆ ದಿನವೂ ನೀರು ಬೇಕು. ಮಧ್ಯಾಹ್ನದ ನಂತರ ನೆರಳು ಬೀಳುವ ಕಡೆ ಇಟ್ಟರೆ ಒಳ್ಳೆಯದು.

ತಳಿಯ ವಿಷಯದಲ್ಲೂ ಎಚ್ಚರ. ಡ್ಯೂಕ್, ಬ್ಲೂಕ್ರಾಪ್ ಉತ್ತರದ ತಳಿಗಳು. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಅವಕ್ಕೆ ಎಂಟುನೂರು, ಸಾವಿರ ಗಂಟೆ ಬೇಕು. ದಕ್ಷಿಣದಲ್ಲಿ ರ‍್ಯಾಬಿಟ್‌ಐ ಜಾತಿಯ ಟಿಫ್‌ಬ್ಲೂ, ಕ್ಲೈಮ್ಯಾಕ್ಸ್, ಬ್ರೈಟ್‌ವೆಲ್ ಒಳ್ಳೆಯವು. ಆದರೆ ಅವು ಒಂಟಿಯಾಗಿದ್ದರೆ ಕಾಯಿ ಕಟ್ಟುವುದಿಲ್ಲ, ಎರಡು ಬೇರೆ ಬೇರೆ ತಳಿ ಬೇಕೇಬೇಕು.

ತಾರಸಿ ತೋಟ, ಬೆಂಗಳೂರು

ಹಾಗಾದರೆ ಬೆಂಗಳೂರಿನಲ್ಲಿ ಸಾಧ್ಯವೇ? ಇಲ್ಲಿನ ನರ್ಸರಿಗಳಲ್ಲಿ ಬ್ಲೂಬೆರಿ ಗಿಡ ಮಾರುತ್ತಿದ್ದಾರೆ. ಯಾವ ತಳಿ ಎಂದು ಕೇಳಿದರೆ ಬ್ಲೂಬೆರಿ ಎಂದಷ್ಟೇ ಹೇಳುತ್ತಾರೆ. ನಮ್ಮಲ್ಲಿ ಏಳು ಡಿಗ್ರಿ ಚಳಿ ಎಲ್ಲಿಂದ ಬರಬೇಕು?

ಕರಿಮಣ್ಣು, ಡಾಲಸ್, ಟೆಕ್ಸಾಸ್

ತಳಿಯ ಹೆಸರು ಹೇಳದವರಿಂದ ಕೊಳ್ಳಬೇಡಿ. ಈ ಗಿಡದಲ್ಲಿ ಹೆಸರೇ ಎಲ್ಲ. ಚಳಿಯ ಅಗತ್ಯ ಬಹಳ ಕಡಿಮೆ ಇರುವ ಬಿಲಾಕ್ಸಿ ಎಂಬ ತಳಿಯನ್ನು ಕೇಳಿ ಪಡೆಯಿರಿ. ಪೆರು ದೇಶದ ಕರಾವಳಿಯ ಮರಳುಗಾಡಿನಲ್ಲಿ ಚಳಿಯೇ ಇಲ್ಲ. ಬಿಲಾಕ್ಸಿಯನ್ನು ನೆಟ್ಟು, ಹನಿ ನೀರಾವರಿಯಲ್ಲಿ ಹುಳಿಯನ್ನು ಕಾಯ್ದುಕೊಂಡು ಆ ದೇಶ ಇಂದು ತಾಜಾ ಬ್ಲೂಬೆರಿ ರಫ್ತಿನಲ್ಲಿ ಜಗತ್ತಿಗೇ ಮೊದಲ ಸ್ಥಾನಕ್ಕೆ ಬಂದಿದೆ. ಅಂಥ ಕಡೆ ಗಿಡ ಎಲೆ ಉದುರಿಸದೆ ಹಸಿರಾಗಿಯೇ ಇದ್ದು ಹೂ ಬಿಡುತ್ತದೆ. ನಿಮ್ಮ ತಾರಸಿಯಲ್ಲೂ ಹಾಗೇ ಆಗಬೇಕು.

ಏಲಕ್ಕಿ ಮಲೆ, ಚಿಕ್ಕಮಗಳೂರು

ನಡುವೆ ಒಂದು ಮಾತು. ನಮ್ಮಲ್ಲಿ ಕಾಫಿ ತೋಟದ ಮಣ್ಣು ಹುಳಿಯಾಗುತ್ತದೆಂದು ಕೆಲವು ವರ್ಷಗಳಿಗೊಮ್ಮೆ ಸುಣ್ಣ ಚೆಲ್ಲುತ್ತೇವೆ. ನೀವೆಲ್ಲ ಹುಳಿ ಸಾಲದು ಎಂದು ಗಂಧಕ ಬೆರೆಸುವುದನ್ನು ಓದಿ ಆಸೆ ಹುಟ್ಟಿತು. ಸುಣ್ಣ ಬೀಳದ ಮೂಲೆಯಲ್ಲಿ ಬಿಲಾಕ್ಸಿ ನೆಟ್ಟು ನೋಡುವ ಮನಸ್ಸಿದೆ. ನನಗಿರುವ ಚಿಂತೆ ಮಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಮನೆ ಸುರಿದರೆ ಇಂಥ ನವಿರು ಬೇರು ಕೊಳೆಯುವುದಿಲ್ಲವೇ?

ಇದೇ ಕುಲದ ಕಾಡು ಗಿಡಗಳು ನಮ್ಮ ಪಶ್ಚಿಮ ಘಟ್ಟದಲ್ಲೇ ಇವೆ ಎಂಬುದು ಇಲ್ಲಿ ಎಷ್ಟು ಜನಕ್ಕೆ ಗೊತ್ತೋ. ನೀಲಗಿರಿಯ ಶೋಲಾ ಕಾಡಿನ ಅಂಚಿನಲ್ಲಿ ವ್ಯಾಕ್ಸಿನಿಯಂ ಲೆಶೆನೋಲ್ಟಿ ಎಂಬ ಸಣ್ಣ ಮರವಿದೆ. ಪುಟ್ಟ ಗಂಟೆಯಾಕಾರದ ಹೂ, ತಿನ್ನಲು ಬರುವ ಪುಟ್ಟ ಹಣ್ಣು.

ಪೈನ್ ನೆರಳು, ದಕ್ಷಿಣ ನ್ಯೂಜೆರ್ಸಿ

ನಿಮ್ಮ ಚಿಂತೆ ಸರಿಯಾಗಿದೆ. ಬ್ಲೂಬೆರಿಗೆ ಸದಾ ತೇವ ಬೇಕು, ಆದರೆ ನಿಂತ ನೀರು ಆಗದು. ನೀರು ನಿಂತರೆ ಬೇರು ಕೊಳೆ ರೋಗ ಖಂಡಿತ. ಇಳಿಜಾರಿನಲ್ಲಿ ಒಂದಡಿ ಎತ್ತರದ ಏರುಮಡಿ ಮಾಡಿ ನೆಡಿ. ಮೊದಲು ಕುಂಡದಲ್ಲಿ ಒಂದು ಮಳೆಗಾಲ ದಾಟಿಸಿ ನೋಡುವುದು ಇನ್ನೂ ಒಳ್ಳೆಯದು. ಬೆಂಗಳೂರಿನವರೇ, ನಿಮ್ಮಲ್ಲಿ ಕೊಳವೆಬಾವಿಯ ನೀರು ಗಡಸು. ಡಾಲಸ್‌ನವರು ನೀರಿನ ಬಗ್ಗೆ ಬರೆದದ್ದು ನಿಮಗೂ ಅನ್ವಯಿಸುತ್ತದೆ. ಪೀಟ್ ಸಿಗದೆ ತೆಂಗಿನ ನಾರಿನ ಪುಡಿ ಬಳಸುವುದಾದರೆ ಅದರ ಉಪ್ಪು ಹೋಗುವಂತೆ ಹಲವು ಬಾರಿ ತೊಳೆಯಿರಿ. ಅದು ಪೀಟ್‌ನಷ್ಟು ಹುಳಿಯಲ್ಲ ಎಂಬುದೂ ನೆನಪಿರಲಿ.

ಹಿತ್ತಲ ಬಳ್ಳಿ, ಎಡಿಸನ್, ನ್ಯೂಜೆರ್ಸಿ

ಸ್ಥಳಾಂತರಿಸುವುದೆಂದು ತೀರ್ಮಾನಿಸಿದ್ದೇವೆ. ಜಾಗ ಅಗೆದು ಗಂಧಕ ಬೆರೆಸಿಯೂ ಆಯಿತು, ಅಮ್ಮನೇ ಮುಂದೆ ನಿಂತು ಮಾಡಿಸಿದರು. ಇನ್ನು ಗೊಬ್ಬರ ಮತ್ತು ರೆಂಬೆ ಕತ್ತರಿಸುವ ವಿಚಾರ. ಗಿಡದ ತುದಿಗಳನ್ನೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸಬಹುದೇ?

ಚಾಟನಿ ಕತ್ತರಿ, ಮಿಶಿಗನ್

ದಯವಿಟ್ಟು ಬೇಡ. ನಮ್ಮದು ವಿಜಯಪುರ ಕಡೆಯ ದ್ರಾಕ್ಷಿ ಬೆಳೆಯುವ ಮನೆ. ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎಂದು ವರ್ಷಕ್ಕೆ ಎರಡು ಸಲ ಕಡ್ಡಿ ಸವರುವುದನ್ನು ನೋಡಿ ಬೆಳೆದವನು ನಾನು. ಬ್ಲೂಬೆರಿಯ ಲೆಕ್ಕ ಬೇರೆ. ಮುಂದಿನ ವರ್ಷದ ಹೂಮೊಗ್ಗು ಈ ಬೇಸಿಗೆಯ ಕೊನೆಗೇ ರೆಂಬೆಯ ತುದಿಯಲ್ಲಿ ಕೂತಿರುತ್ತದೆ. ತುದಿ ಕತ್ತರಿಸಿದರೆ ಹಣ್ಣನ್ನೇ ಕತ್ತರಿಸಿದಂತೆ.

ಚಳಿಗಾಲದ ಕೊನೆಯಲ್ಲಿ, ಫೆಬ್ರುವರಿ ಮಾರ್ಚ್ ಹೊತ್ತಿಗೆ, ಗಿಡದ ಮುಂದೆ ಕೂತು ಒಂದು ರೆಂಬೆಯನ್ನು ಹತ್ತಿರದಿಂದ ನೋಡಿ. ತುದಿಯಲ್ಲಿ ದುಂಡಗೆ ಉಬ್ಬಿರುವವು ಹೂಮೊಗ್ಗು. ಒಂದೊಂದರಿಂದಲೂ ಐದಾರು, ಕೆಲವೊಮ್ಮೆ ಹತ್ತು ಹೂ ಬರುತ್ತವೆ. ಅದರ ಕೆಳಗೆ ಚೂಪಾಗಿ ಕಡ್ಡಿಗೆ ಅಂಟಿಕೊಂಡಿರುವವು ಎಲೆಮೊಗ್ಗು. ಇದನ್ನು ಗುರುತಿಸಲು ಕಲಿತರೆ ಕತ್ತರಿ ಹಿಡಿಯುವ ಭಯ ಹೋಗುತ್ತದೆ. ನೆಟ್ಟ ಮೊದಲ ಎರಡು ವರ್ಷ ಆ ದುಂಡು ಮೊಗ್ಗುಗಳನ್ನು ಉಗುರಿನಿಂದ ಚಿವುಟಿಬಿಡಿ, ನಿಮ್ಮಂತೆ ಸ್ಥಳಾಂತರಿಸಿದ ವರ್ಷವೂ ಅಷ್ಟೇ. ಮನಸ್ಸಿಗೆ ನೋವಾಗುತ್ತದೆ, ಆದರೆ ಆ ಶಕ್ತಿಯೆಲ್ಲ ಬೇರಿಗೆ ಹೋಗುತ್ತದೆ. ಚೆನ್ನಾಗಿ ನೋಡಿಕೊಂಡ ಗಿಡ ಮೂವತ್ತು ವರ್ಷಕ್ಕೂ ಮೀರಿ ಹಣ್ಣು ಕೊಡುತ್ತದೆ. ಮೊದಲ ಎರಡು ವರ್ಷದ ಹಣ್ಣನ್ನು ಬಿಟ್ಟುಕೊಡುವುದು ದೊಡ್ಡ ನಷ್ಟವಲ್ಲ.

ಗಿಡ ಬಲಿತ ಮೇಲೆ ಪ್ರತಿ ವರ್ಷ ಅತ್ಯಂತ ಹಳೆಯ ಕಾಂಡ ಒಂದೆರಡನ್ನು ಬುಡಕ್ಕೇ ತೆಗೆಯಿರಿ. ತೊಗಟೆ ಬೂದು ಬಣ್ಣಕ್ಕೆ ತಿರುಗಿ ಒರಟಾದದ್ದು ಹಳೆಯದು. ಆರು ವರ್ಷ ದಾಟಿದರೆ ಅದರಲ್ಲಿ ಹಣ್ಣು ಸಣ್ಣದಾಗುತ್ತದೆ. ಬುಡದಿಂದ ಹೊಸದಾಗಿ ಬಂದವುಗಳಲ್ಲಿ ಗಟ್ಟಿಯಾದ ಎರಡು ಮೂರನ್ನು ಉಳಿಸಿಕೊಳ್ಳಿ.

ಗೊಬ್ಬರ: ಬ್ಲೂಬೆರಿ ಸಾರಜನಕವನ್ನು ಅಮೋನಿಯಂ ರೂಪದಲ್ಲಿ ಬಯಸುತ್ತದೆ, ನೈಟ್ರೇಟ್ ರೂಪದಲ್ಲಲ್ಲ. ಪಿಎಚ್ 5ಕ್ಕಿಂತ ಮೇಲಿದ್ದರೆ ಅಮೋನಿಯಂ ಸಲ್ಫೇಟ್, ಕೆಳಗಿದ್ದರೆ ಯೂರಿಯಾ. ಹೂ ಬಿಡುವ ಹೊತ್ತಿಗೆ ಸ್ವಲ್ಪ, ಆರು ವಾರದ ನಂತರ ಇನ್ನು ಸ್ವಲ್ಪ, ಬುಡಕ್ಕೆ ರಾಶಿ ಹಾಕದೆ ಸುತ್ತಲೂ ಚೆಲ್ಲಿ ನೀರು ಕೊಡಿ. ಜುಲೈ ಮೊದಲ ವಾರದ ನಂತರ ಬೇಡ. ತಡವಾಗಿ ಬಂದ ಎಳೆ ಚಿಗುರು ಚಳಿಗೆ ಸುಟ್ಟುಹೋಗುತ್ತದೆ.

ನಾಲ್ಕೆಲೆ, ಸಿಯಾಟಲ್

ನಮ್ಮ ಗಿಡಗಳು ಆರೋಗ್ಯವಾಗಿವೆ, ಹೂವೂ ಚೆನ್ನಾಗಿ ಬಿಡುತ್ತವೆ. ಹಣ್ಣು ನೀಲಿಯಾಗುವ ಹೊತ್ತಿಗೆ ರಾಬಿನ್ ಹಕ್ಕಿಗಳು ಬಂದು ಖಾಲಿ ಮಾಡುತ್ತವೆ. ಬಲೆಯನ್ನು ಹೂ ಬಿಟ್ಟಾಗಲೇ ಹಾಕಿಬಿಡಲೇ? ಇನ್ನೊಂದು, ಕಿತ್ತ ಹಣ್ಣು ಅರ್ಧದಷ್ಟು ಹುಳಿಯಾಗಿರುತ್ತದೆ. ಇಟ್ಟು ಹಣ್ಣು ಮಾಡಬಹುದೇ?

ಚಾಟನಿ ಕತ್ತರಿ, ಮಿಶಿಗನ್

ಹೂವಿನ ಕಾಲದಲ್ಲಿ ಬಲೆ ಹಾಕಿದರೆ ಬಂಬಲ್‌ಬೀಗಳಿಗೆ ದಾರಿ ಮುಚ್ಚುತ್ತದೆ. ಈ ಗಂಟೆ ಹೂವಿನ ಪರಾಗ ಸುಮ್ಮನೆ ಮುಟ್ಟಿದರೆ ಸುಲಭವಾಗಿ ಉದುರುವುದಿಲ್ಲ. ಬಂಬಲ್‌ಬೀ ಹೂವಿಗೆ ಜೋತುಬಿದ್ದು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ನಡುಗಿಸುತ್ತದೆ. ಆಗ ಪರಾಗ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ಮೇ ತಿಂಗಳ ಬೆಳಿಗ್ಗೆ ಗಿಡದ ಪಕ್ಕದಲ್ಲಿ ನಿಂತರೆ ಆ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಹೂವಿರುವಾಗ ಯಾವ ಕೀಟನಾಶಕವನ್ನೂ ಸಿಂಪಡಿಸಬೇಡಿ.

ಮೊದಲ ಕಾಯಿಗಳು ಬಣ್ಣ ತಿರುಗಿದಾಗ ಬಲೆ ಹಾಕಿ. ಗಿಡದ ಮೇಲೆ ನೇರವಾಗಿ ಹೊದಿಸಿದರೆ ಹಕ್ಕಿ ಹೊರಗಿನಿಂದಲೇ ಕುಕ್ಕುತ್ತದೆ. ನಾಲ್ಕು ಗೂಟ ನೆಟ್ಟು ಚೌಕಟ್ಟು ಮಾಡಿ, ಬಲೆಯನ್ನು ಬಿಗಿಯಾಗಿ ಎಳೆದು ಕೆಳಗೆ ನೆಲಕ್ಕೆ ಕಲ್ಲು ಹೇರಿ. ಸಡಿಲ ಬಲೆಯಲ್ಲಿ ಹಕ್ಕಿ, ಹಾವು ಸಿಕ್ಕಿ ಸಾಯುತ್ತವೆ, ಅದನ್ನು ನೋಡಲಾಗುವುದಿಲ್ಲ. ಬೆಳಿಗ್ಗೆ ಒಮ್ಮೆ ನೋಡಿ ಬನ್ನಿ. ಕೊಯ್ಲು ಮುಗಿದ ದಿನವೇ ಬಿಚ್ಚಿ ಮಡಚಿಡಿ.

ಹುಳಿಯ ಕಾರಣ ಆತುರ. ಬ್ಲೂಬೆರಿ ಕಿತ್ತ ಮೇಲೆ ಸಿಹಿಯಾಗುವುದಿಲ್ಲ, ಇಟ್ಟರೆ ಮೆತ್ತಗಾಗುತ್ತದೆ ಅಷ್ಟೇ. ನೀಲಿಯಾದ ಮೇಲೂ ನಾಲ್ಕೈದು ದಿನ ಗಿಡದಲ್ಲಿ ಬಿಡಿ. ಹಣ್ಣನ್ನು ಕೀಳದೆ ತಿರುಗಿಸಿ ತೊಟ್ಟಿನ ಸುತ್ತ ನೋಡಿ: ಅಲ್ಲಿ ಕೆಂಪು ಛಾಯೆಯ ಉಂಗುರ ಉಳಿದಿದ್ದರೆ ಇನ್ನೂ ಆಗಿಲ್ಲ. ಆದದ್ದನ್ನು ಹೆಬ್ಬೆರಳಿನಿಂದ ಸವರಿದರೆ ಸಾಕು, ಅಂಗೈಗೆ ಬೀಳುತ್ತದೆ. ಎಳೆಯಬೇಕಾಗಿ ಬಂದರೆ ಬಿಟ್ಟು ಮುಂದಿನ ಗೊಂಚಲಿಗೆ ಹೋಗಿ.

ನಾಲ್ಕೆಲೆ, ಸಿಯಾಟಲ್

ತುಂಬಾ ಉಪಕಾರವಾಯಿತು. ತೊಳೆದು ಫ್ರಿಜ್ಜಿನಲ್ಲಿ ಇಡುತ್ತಿದ್ದೇವೆ, ಎರಡೇ ದಿನಕ್ಕೆ ಬೂಸು ಬರುತ್ತದೆ. ಆಗಸ್ಟ್ ಕೊನೆಯ ಹಣ್ಣುಗಳಲ್ಲಿ ಬಿಳಿಯ ಸಣ್ಣ ಹುಳುವೂ ಕಂಡಿತು.

ಪೈನ್ ನೆರಳು, ದಕ್ಷಿಣ ನ್ಯೂಜೆರ್ಸಿ

ಹಣ್ಣಿನ ಮೇಲಿರುವ ಬೂದು ಪುಡಿ ಅದರದೇ ಮೇಣ, ತೇವ ಆರದಂತೆ ಕಾಯುತ್ತದೆ. ತೊಳೆದರೆ ಅದು ಹೋಗಿ ನೀರು ಉಳಿಯುತ್ತದೆ. ಒಣಗಿದಂತೆಯೇ ಫ್ರಿಜ್ಜಿನಲ್ಲಿಡಿ, ತಿನ್ನುವ ಮೊದಲು ತೊಳೆಯಿರಿ.

ಆ ಹುಳು ಬಹುಶಃ ಚುಕ್ಕೆ ರೆಕ್ಕೆಯ ಡ್ರೊಸೊಫಿಲಾ ನೊಣದ್ದು. ಮಾಮೂಲಿ ಹಣ್ಣು ನೊಣ ಕೊಳೆತ ಹಣ್ಣಿಗೆ ಬಂದರೆ ಈ ನೊಣದ ಹೆಣ್ಣು ಗರಗಸದಂಥ ಅಂಗದಿಂದ ಗಟ್ಟಿ ಹಣ್ಣನ್ನೇ ಕೊಯ್ದು ಮೊಟ್ಟೆ ಇಡುತ್ತದೆ. ಬೇಸಿಗೆ ಕಳೆದಂತೆ ಇದರ ಸಂಖ್ಯೆ ಏರುವುದರಿಂದ ತಡವಾಗಿ ಮಾಗುವ ಎಲಿಯಟ್‌ನಂಥ ತಳಿಗಳಿಗೆ ಕಾಟ ಹೆಚ್ಚು. ಅನುಮಾನವಿದ್ದರೆ ಒಂದು ಹಿಡಿ ಹಣ್ಣನ್ನು ಸ್ವಲ್ಪ ಜಜ್ಜಿ ಉಪ್ಪು ನೀರಿನಲ್ಲಿ ಕಾಲು ಗಂಟೆ ಬಿಡಿ. ಹುಳುಗಳು ಮೇಲೆ ತೇಲುತ್ತವೆ. ಎರಡು ಮೂರು ದಿನಕ್ಕೊಮ್ಮೆ ತಪ್ಪದೆ ಕೊಯ್ಯಿರಿ, ನೆಲಕ್ಕೆ ಬಿದ್ದದ್ದನ್ನು ಹೆಕ್ಕಿ ಚೀಲದಲ್ಲಿ ಗಂಟು ಕಟ್ಟಿ ಬಿಸಿಲಿಗಿಡಿ, ಕಿತ್ತದ್ದನ್ನು ಕೂಡಲೇ ತಣ್ಣಗೆ ಮಾಡಿ. ಹೊಸ ಗಿಡ ಕೊಳ್ಳುವುದಾದರೆ ಡ್ಯೂಕ್‌ನಂತೆ ಬೇಗ ಮಾಗುವ ತಳಿಯನ್ನು ಆರಿಸಿಕೊಳ್ಳಿ.